ಮೆಮೊರಿ ಚಿಪ್ ತಡವಾದರೆ ಕ್ಷಮೆ ಯಾರಿಗೆ?

ನವುಲೆಯ ಇಂಜಿನಿಯರಿಂಗ್ ಕಾಲೇಜಿನ ಹತ್ತಿರ ಟೀ ಕುಡಿಯುವಾಗ ಜೂನಿಯರ್ ಒಬ್ಬ ಕೇಳಿದ: 'ಅಣ್ಣ, ವಿಎಲ್‌ಎಸ್‌ಐ ತಗೊಳ್ಳಲಾ? ಚಿಪ್ ಫ್ಯಾಕ್ಟರಿಗಳು ಬರ್ತವೆ ಅಂತಾರಲ್ಲ.' ನೇರ ಉತ್ತರ ಹೊಳೆಯಲಿಲ್ಲ. ಸ್ಯಾಮ್ಸಂಗ್ ಕಥೆ ಹೇಳಿದೆ.

ಎಐ ಸರ್ವರ್‌ಗಳಿಗೆ ಬೇಕಾದ ಎಚ್‌ಬಿಎಂ ಅಂದರೆ ಮೆಮೊರಿ ಚಿಪ್‌ಗಳನ್ನು ಒಂದರ ಮೇಲೊಂದು ಪೇರಿಸಿ ಪ್ರೊಸೆಸರ್ ಪಕ್ಕದಲ್ಲೇ ಕೂರಿಸುವುದು. ಒಂದು ಪದರ ಕೆಟ್ಟರೆ ಇಡೀ ಪೇರಿಕೆಯೇ ದಂಡವಾಗಬಹುದು. ಇದರಲ್ಲಿ ಎಸ್‌ಕೆ ಹೈನಿಕ್ಸ್ ಮುಂದೆ ಓಡಿತು, ಸ್ಯಾಮ್ಸಂಗ್‌ನ ಎಚ್‌ಬಿಎಂ3ಇ ತಡವಾಯಿತು. ವಿದೇಶಿ ಹೂಡಿಕೆದಾರರು ಷೇರು ಮಾರತೊಡಗಿದರು. 2024ರ ಅಕ್ಟೋಬರ್‌ನಲ್ಲಿ ಚಿಪ್ ವಿಭಾಗದ ಮುಖ್ಯಸ್ಥ ಜುನ್ ಯಂಗ್-ಹ್ಯುನ್ ಬಹಿರಂಗವಾಗಿ ಕ್ಷಮೆ ಕೇಳಿದರು. ಷೇರುದಾರನಿಗಿರುವ ತಾಕತ್ತು ಅದು: ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡಬಹುದು, ಸರಿ ಕಾಣದಿದ್ದರೆ ಮಾರಿ ಹೋಗಬಹುದು.

ಈಗ ನಮ್ಮದೇ ದುಡ್ಡು ಇರುವ ಕಡೆ ನೋಡೋಣ. ಗುಜರಾತಿನ ಸಾಣಂದ್‌ನಲ್ಲಿ ಮೆಮೊರಿ ಚಿಪ್ ಜೋಡಿಸಿ ಪರೀಕ್ಷಿಸುವ ಮೈಕ್ರಾನ್ ಘಟಕ ಘೋಷಣೆಯಾಗಿದ್ದು 2023ರ ಜೂನ್‌ನಲ್ಲಿ. ಒಟ್ಟು ವೆಚ್ಚ 275 ಕೋಟಿ ಡಾಲರ್. ಅದರಲ್ಲಿ ಕೇಂದ್ರದ್ದು ಶೇ 50, ಗುಜರಾತ್ ಸರ್ಕಾರದ್ದು ಶೇ 20. ಕಂಪನಿ ಹಾಕುವುದು ಹೆಚ್ಚೆಂದರೆ 82.5 ಕೋಟಿ. ಅಂದರೆ ದೊಡ್ಡ ಹೂಡಿಕೆದಾರರು ನಾವು, ಮೊಬೈಲ್ ರೀಚಾರ್ಜ್‌ಗೂ ಜಿಎಸ್‌ಟಿ ಕಟ್ಟುವವರು! ಮೊದಲ ಹಂತ 2024ರ ಕೊನೆಗೆ ಶುರು ಅಂದಿದ್ದರು. ಆ ಗಡುವು ದಾಟಿತು. ನಮ್ಮ ಹತ್ತಿರ ಕ್ಷಮೆ ಕೇಳಿದವರಿಲ್ಲ. ನಮಗೆ ಮಾರೋಕೆ ಷೇರೂ ಇಲ್ಲ.

ಮೈಸೂರಿಗೆ ಬರಬೇಕಿದ್ದ ಐಎಸ್‌ಎಂಸಿ ಮೆಮೊರಿ ಘಟಕವಲ್ಲ, ನಿಜ. ಆದರೆ 2022ರ ಮೇನಲ್ಲಿ 22,900 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಬಿದ್ದಾಗ ಎಷ್ಟು ಸದ್ದು! ಇಂಟೆಲ್–ಟವರ್ ಖರೀದಿ ಗೊಂದಲದಲ್ಲಿ ಸಿಕ್ಕಿಕೊಂಡು ಅದು ನಿಂತಾಗ ಅಷ್ಟು ಸದ್ದಾಗಲಿಲ್ಲ. (ವಿಐಎಸ್‌ಎಲ್‌ಗೆ ಬಂಡವಾಳ ಬರುತ್ತೆ ಅಂತ ಕೇಳಿ ಕೇಳಿ ಸಾಕಾದ ಭದ್ರಾವತಿಯವರಿಗೆ ಇದನ್ನೆಲ್ಲ ನಾನು ವಿವರಿಸಬೇಕಿಲ್ಲ.)

ತಡವಾಗೋದೇ ತಪ್ಪು ಅಂತ ನಾನು ಹೇಳ್ತಿಲ್ಲ, ಕೆಲಸ ಅಷ್ಟು ಕಷ್ಟದ್ದು. ನನ್ನ ತಕರಾರು ಲೆಕ್ಕದ ಬಗ್ಗೆ. ಸಬ್ಸಿಡಿ ಎಷ್ಟು ಬಿಡುಗಡೆಯಾಯ್ತು, ಯಾವ ಹಂತ ಯಾಕೆ ತಡವಾಯ್ತು, ಎಷ್ಟು ಜನಕ್ಕೆ ಕೆಲಸ ಸಿಕ್ತು ಅನ್ನೋದನ್ನ ಮೂರು ತಿಂಗಳಿಗೊಮ್ಮೆ ಪ್ರಕಟಿಸಲಿ, ಸಂಸತ್ತಿನಲ್ಲಿ ಚರ್ಚೆಯಾಗಲಿ. ಷೇರುದಾರನಿಗೆ ಸಿಗುವಷ್ಟಾದರೂ ಮಾಹಿತಿ ತೆರಿಗೆದಾರನಿಗೆ ಸಿಗಲಿ.

ಜೂನಿಯರ್‌ಗೆ ವಿಎಲ್‌ಎಸ್‌ಐ ತಗೋ ಅಂದೆ. ಸ್ಯಾಮ್ಸಂಗ್, ಮೈಕ್ರಾನ್ ಎರಡರ ಡಿಸೈನ್ ಕೇಂದ್ರಗಳೂ ಬೆಂಗಳೂರಲ್ಲಿ ಈಗಾಗಲೇ ಇವೆ. ಬರಲಿರುವ ಫ್ಯಾಕ್ಟರಿ ನಂಬಿಕೊಂಡು ಮಾತ್ರ ತಗೋಬೇಡ ಅಂದೆ.