ಹಳೇ ಕಂಪ್ಯೂಟರ್ ಬಿಚ್ಚಿ, ಆದ್ರೆ ಕತ್ತರಿಸಬೇಡಿ

ಅಪರೂಪದ ಹಳೇ ಡೆಸ್ಕ್‌ಟಾಪ್‌ಗಳ ಮಾತು ಬಂದರೆ ನಮ್ಮಲ್ಲಿ ಎರಡು ಪಂಗಡ. ಒಂದಕ್ಕೆ ಅದು ಗರ್ಭಗುಡಿಯ ವಿಗ್ರಹ, ಒಂದು ಸ್ಕ್ರೂ ಕೂಡ ಮುಟ್ಟಬಾರದು. ಇನ್ನೊಂದಕ್ಕೆ ಅದು ಬರೀ ಡಬ್ಬ, ಒಳಗಿರೋದೆಲ್ಲ ಕಿತ್ತು ಹೊಸ ಬೋರ್ಡ್ ಕೂರಿಸಿದರಾಯ್ತು. ಎರಡೂ ನಮಗೆ ಒಪ್ಪಿಗೆಯಿಲ್ಲ.

ಮೊದಲು ‘ಮುಟ್ಟಬಾರದು’ ಅನ್ನೋರಿಗೆ. ಕಪಾಟಿನಲ್ಲಿಟ್ಟ ಮಾತ್ರಕ್ಕೆ ಕಂಪ್ಯೂಟರ್ ಇದ್ದ ಹಾಗೇ ಇರುವುದಿಲ್ಲ. 1989ರ ಮ್ಯಾಕಿಂತೋಷ್ ಎಸ್‌ಇ/30 ನೋಡಿ. ಬೋರ್ಡ್ ಮೇಲೆ 3.6 ವೋಲ್ಟಿನ ಪುಟ್ಟ ಲಿಥಿಯಂ ಬ್ಯಾಟರಿ ಇದೆ. ಅದು ಒಡೆದರೆ ಸೋರಿದ ರಸ ತಾಮ್ರದ ಟ್ರೇಸ್‌ಗಳನ್ನೇ ತಿಂದು ಹಾಕುತ್ತದೆ. ಹಳೇ ಕೆಪಾಸಿಟರ್‌ಗಳು ಸೋರಿದರೂ ಅದೇ ಕಥೆ. ಬ್ಯಾಟರಿ ತೆಗೆಯೋದು, ಕೆಪಾಸಿಟರ್ ಬದಲಿಸಿ ಬೋರ್ಡ್ ತೊಳೆಯೋದು ಮಾಡಿಫಿಕೇಶನ್ ಅಲ್ಲ, ಪ್ರಾಣ ಉಳಿಸೋ ಕೆಲಸ.

ಹಾಗಾದರೆ ಅಪ್‌ಗ್ರೇಡ್? ಧಾರಾಳವಾಗಿ ಮಾಡಿ. ಆದರೆ ಹೇಗೆ ಅನ್ನೋದು ಮುಖ್ಯ. 1993ರ ಮ್ಯಾಕಿಂತೋಷ್ ಕಲರ್ ಕ್ಲಾಸಿಕ್ 10 ಇಂಚಿನ ಟ್ರಿನಿಟ್ರಾನ್ ಪರದೆಯ ಮುದ್ದಾದ ಮೆಷಿನ್. ಒಳಗೆ ಮಾತ್ರ 16 ಮೆಗಾಹರ್ಟ್ಸ್‌ನ 68030, ಮೆಮೊರಿಗೆ 10 ಎಂಬಿ ಮಿತಿ. ಅದರ ಲಾಜಿಕ್ ಬೋರ್ಡ್ ಹಿಂದಿನಿಂದ ಡ್ರಾಯರ್ ಥರ ಎಳೆದರೆ ಬರುತ್ತದೆ. ಅದೇ ಜಾಗದಲ್ಲಿ ಮ್ಯಾಕಿಂತೋಷ್ ಎಲ್‌ಸಿ 575ರ ಬೋರ್ಡ್ ಕೂರುತ್ತದೆ, 33 ಮೆಗಾಹರ್ಟ್ಸ್‌ನ 68ಎಲ್‌ಸಿ040 ಸಮೇತ. ಇದಕ್ಕೆ ‘ಮಿಸ್ಟಿಕ್’ ಅಂತ ಹೆಸರೇ ಬಿದ್ದಿದೆ. ಬೇಡ ಅನಿಸಿದ ದಿನ ಹಳೇ ಬೋರ್ಡ್ ಒಳಗೆ ತಳ್ಳಿ, ಮತ್ತೆ 1993!

ಕೆಲವರು ಅಲ್ಲಿಗೇ ನಿಲ್ಲಲಿಲ್ಲ. ಪವರ್ ಮ್ಯಾಕ್ ಬೋರ್ಡ್ ತುರುಕಲು ಒಳಗಿನ ಚಾಸಿಯನ್ನೇ ಕತ್ತರಿಸಿದರು. ಅದರಲ್ಲಿ ಜಾಣತನ ಇಲ್ಲ ಅನ್ನೋಕಾಗಲ್ಲ. ಆದರೆ ಕತ್ತರಿಸಿದ ಚಾಸಿ ಮತ್ತೆ ಕೂಡಲ್ಲ, ಆಪಲ್ ಅದನ್ನ ಮತ್ತೆ ತಯಾರಿಸೋದೂ ಇಲ್ಲ. ವೇಗವೇ ಬೇಕು ಅಂದ್ರೆ ನಮ್ಮ ಜೇಬಿನ ಫೋನೇ ಸಾಕಲ್ವಾ?

ಮಿಸ್ಟಿಕ್‌ಗೂ ಒಂದು ಬೆಲೆಯಿದೆ. ಆ ಬೋರ್ಡ್ ಯಾವುದೋ ಎಲ್‌ಸಿ 575ರ ಹೊಟ್ಟೆಯಿಂದಲೇ ಬರಬೇಕು. ಪರದೆ ಸತ್ತ 575 ಸಿಕ್ಕರೆ ಸರಿ. ಚೆನ್ನಾಗಿ ಓಡ್ತಿರೋದನ್ನ ಬಿಚ್ಚಿದರೆ ಒಂದನ್ನ ಮೆರೆಸೋಕೆ ಇನ್ನೊಂದನ್ನ ಬಲಿ ಕೊಟ್ಟ ಹಾಗೆ.

ಆದ್ದರಿಂದ ಸ್ಕ್ರೂಡ್ರೈವರ್ ಎತ್ತೋ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ನಾಳೆ ಇದು ಯಾರ ಕೈಗೆ ಸಿಗುತ್ತೋ ಅವರು ಇದನ್ನ ಮೊದಲಿನ ಹಾಗೆ ಮಾಡಬಹುದಾ? ಹಾರ್ಡ್ ಡಿಸ್ಕ್ ಬದಲು ಎಸ್‌ಡಿ ಕಾರ್ಡ್ ಬಳಸುವ ಬ್ಲೂಸ್ಕಸಿಯಂಥ ಸಾಧನ ಈ ಪರೀಕ್ಷೆಯಲ್ಲಿ ಪಾಸ್, ಯಾಕಂದ್ರೆ ಹಳೇ ಡಿಸ್ಕ್ ತೆಗೆದಿಟ್ಟಿರಬಹುದು. ಗರಗಸ ಫೇಲ್.

ಇದು ಬರೀ ಹಳೇದರ ಮೋಹ ಅಲ್ಲ. ಇವತ್ತಿನ ಫೋನ್ ಬಿಚ್ಚಿದರೆ ಎಲ್ಲ ಒಂದೇ ಚಿಪ್ಪಿನೊಳಗೆ ಅಡಗಿದೆ. ಹಳೇ ಬೋರ್ಡ್‌ನಲ್ಲಿ ಪ್ರೊಸೆಸರ್ ಎಲ್ಲಿ, ರಾಮ್ ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದು. ನಾವು ಕ್ಲಾಸಿನಲ್ಲಿ ಬ್ಲಾಕ್ ಡಯಾಗ್ರಾಂ ಆಗಿ ಬರೆಯೋದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಅಂಥ ಪುಸ್ತಕದ ಹಾಳೆ ಹರಿಯೋದು ಯಾಕೆ?

ನಮ್ಮ ಕಾಲೇಜುಗಳ ಸ್ಟೋರ್‌ರೂಮಿನಲ್ಲಿ ಕಲರ್ ಕ್ಲಾಸಿಕ್ ಸಿಗಲಿಕ್ಕಿಲ್ಲ. ಆದರೆ 386, 486ರ ಬೋರ್ಡ್ ಸಿಕ್ಕರೆ ಅದರ ಮೇಲೆ ಪೀಪಾಯಿ ಆಕಾರದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇದೆಯಾ ನೋಡಿ. ಲ್ಯಾಬ್‌ನವರನ್ನ ಕೇಳಿ, ಫೋಟೋ ತೆಗೆದಿಟ್ಟು, ಅದು ಸೋರೋ ಮುಂಚೆ ಬಿಡಿಸಿ. ಗುಜರಿಗೆ ಹಾಕಬೇಕಾ ಬೇಡ್ವಾ ಅನ್ನೋದನ್ನ ಆಮೇಲೆ ನಿಧಾನವಾಗಿ ತೀರ್ಮಾನಿಸಬಹುದು.