ನಸುಕಿನ ನಾಲ್ಕು ಗಂಟೆಯ ಹೆದ್ದಾರಿ: ಕಣ್ಣು ತೆರೆದೇ ಇರುತ್ತೆ, ಮಿದುಳು ಮಲಗಿರುತ್ತೆ

ಹಾವೇರಿ: 2024ರ ಜೂನ್ 28. ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಗುದ್ದಿ 13 ಜನ ತೀರಿಕೊಂಡರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು, ದೇವರ ದರ್ಶನ ಮುಗಿಸಿ ಊರಿಗೆ ಹೊರಟಿದ್ದವರು. ಏಳು ತಿಂಗಳೂ ಆಗಿರಲಿಲ್ಲ, 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಕಮರಿಗೆ ಬಿತ್ತು. ಮಾಲಿನ ಜೊತೆಗೇ ಕೂತಿದ್ದ 10 ಮಂದಿ ವ್ಯಾಪಾರಿಗಳು ಹೋದರು.

ಎರಡಕ್ಕೂ ಕಾರಣ ಒಂದೇ ಅಂತ ಹೇಳೋಕಾಗಲ್ಲ. ಯಲ್ಲಾಪುರದಲ್ಲಿ ಬೇರೆ ವಾಹನಕ್ಕೆ ದಾರಿ ಬಿಡಲು ಹೋಗಿ ಲಾರಿ ಎಡಕ್ಕೆ ಸರಿಯಿತು ಅಂತ ಪೊಲೀಸರು ಹೇಳಿದ್ದರು. ಆದರೆ ಎರಡರಲ್ಲೂ ಒಂದು ಸಂಗತಿ ಒಂದೇ: ಹೊತ್ತು. ಎರಡೂ ನಡೆದಿದ್ದು ಕೋಳಿ ಕೂಗೋ ಮುಂಚಿನ ನಸುಕಿನಲ್ಲಿ. ಡ್ರೈವರ್‌ಗಳನ್ನ ಕೇಳಿದರೆ ಈ ಹೊತ್ತಿನ ಬಗ್ಗೆ ಎಲ್ಲರೂ ಹೇಳೋದು ಅದೇ: ಒಂದು ಗಂಟೆವರೆಗೆ ಹೆಂಗೋ ಓಡಿಸಬಹುದು, ಮೂರು ದಾಟಿದ ಮೇಲೆ ರಸ್ತೆನೇ ಕಣ್ಣು ಎಳೀತೈತಿ.

ಇದು ಬರೀ ಮಾತಲ್ಲ. ದೇಹದೊಳಗಿನ ಗಡಿಯಾರ ಬೆಳಗಿನ ಜಾವ 2ರಿಂದ 6ರವರೆಗೆ ಎಲ್ಲಕ್ಕಿಂತ ಕೆಳಗಿರುತ್ತೆ. ಮೈಯ ಶಾಖ ಇಳಿದಿರುತ್ತೆ, ಎಚ್ಚರ ಇಳಿದಿರುತ್ತೆ. ಮಧ್ಯಾಹ್ನ ಊಟದ ನಂತರ ಇನ್ನೊಂದು ಸಣ್ಣ ಇಳಿಕೆ ಇದೆ, ಅದು ಅಂಗಡಿ ಗಲ್ಲಾದ ಮೇಲೆ ತೂಕಡಿಸೋ ಎಲ್ಲರಿಗೂ ಗೊತ್ತು. ಇದರ ಮೇಲೆ ಹಿಂದಿನ ರಾತ್ರಿಯ ನಿದ್ದೆಯೂ ಇಲ್ಲ ಅಂದರೆ ಏನಾಗುತ್ತೆ ಅನ್ನೋದನ್ನ ಅಮೆರಿಕದ ಎಂಐಟಿಯ ವಿಜ್ಞಾನಿಗಳು 2025ರಲ್ಲಿ ನೇರವಾಗಿ ನೋಡಿದ್ದಾರೆ.

26 ಜನರನ್ನ ಕರೆಸಿ, ಒಂದು ಸಲ ಚೆನ್ನಾಗಿ ನಿದ್ದೆ ಮಾಡಿಸಿ, ಇನ್ನೊಂದು ಸಲ ರಾತ್ರಿಯಿಡೀ ಎಚ್ಚರ ಇರಿಸಿ, ಎಂಆರ್‌ಐ ಸ್ಕ್ಯಾನರ್‌ನಲ್ಲಿ ಮಲಗಿಸಿದರು. ತಲೆಗೆ ಇಇಜಿ ಟೋಪಿ ಬೇರೆ. ಕೆಲಸ ಸುಲಭ. ಪರದೆ ಮೇಲಿನ ಗುರುತು ಬದಲಾದರೆ ಅಥವಾ ಬೀಪ್ ಕೇಳಿಸಿದರೆ ಗುಂಡಿ ಒತ್ತಬೇಕು. ನಿದ್ದೆಗೆಟ್ಟವರು ತಡವಾಗಿ ಒತ್ತಿದರು, ಕೆಲವು ಸಲ ಒತ್ತಲೇ ಇಲ್ಲ. ಇದು ಯಾರಾದರೂ ಊಹಿಸಬಹುದಾದದ್ದೇ. ಊಹಿಸದೇ ಇದ್ದದ್ದು ಬೇರೆ. ಗಮನ ತಪ್ಪಿದ ಆ ಗಳಿಗೆಯಲ್ಲೇ ಮಿದುಳನ್ನ ಸುತ್ತಿಕೊಂಡಿರೋ ದ್ರವ ಅಲೆಯ ಹಾಗೆ ಹೊರಕ್ಕೆ ಹರಿಯುತ್ತಿತ್ತು. ಗಮನ ಮರಳಿದಾಗ ಅದೂ ವಾಪಸ್ ಒಳಕ್ಕೆ.

ಈ ದ್ರವದ ಅಲೆ ಮಾಮೂಲಾಗಿ ಕಾಣೋದು ಗಾಢ ನಿದ್ದೆಯಲ್ಲಿ. ಹಗಲೆಲ್ಲ ಸೇರಿದ ಕಸ ತೊಳೆಯೋಕೆ ಅದು ಸಹಾಯ ಮಾಡುತ್ತೆ ಅನ್ನೋದು ವಿಜ್ಞಾನಿಗಳ ಲೆಕ್ಕ. ಸಂತೆ ಮುಗಿದ ಮೇಲೆ ಬೀದಿಗೆ ನೀರು ಹೊಡೆದ ಹಾಗೆ. ರಾತ್ರಿ ತೊಳೆಯೋಕೆ ಬಿಡದಿದ್ದರೆ, ಸಂತೆ ನಡೆಯುತ್ತಿರುವಾಗಲೇ ಮಿದುಳು ನೀರು ಹೊಡೆಯೋಕೆ ಶುರು ಮಾಡುತ್ತೆ. ಆ ಕೆಲವು ಸೆಕೆಂಡು ವ್ಯಾಪಾರ ಬಂದ್. ಇನ್ನೂ ಒಂದು ವಿಷಯ: ದ್ರವ ಹೊರಡೋಕೆ ಸುಮಾರು 12 ಸೆಕೆಂಡ್ ಮೊದಲೇ ಕಣ್ಣಿನ ಪಾಪೆ ಕುಗ್ಗೋಕೆ ಶುರುವಾಗುತ್ತೆ, ಎದೆಬಡಿತ, ಉಸಿರು ಕೂಡ ನಿಧಾನ ಆಗುತ್ತವೆ. ಅಂದರೆ ತಪ್ಪಿಹೋಗೋದು ಬರೀ ಗಮನ ಅಲ್ಲ, ಇಡೀ ಮೈ ಒಂದು ಗಳಿಗೆ ನಿದ್ದೆಯ ಕಡೆ ಜಾರುತ್ತೆ.

ಇದಕ್ಕೂ ಮುಂಚೆ, 2011ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಕಂಡದ್ದು ಇದೇ ದಾರಿಯದ್ದು. ನಿದ್ದೆಗೆಟ್ಟ ಇಲಿ ಓಡಾಡುತ್ತಿರುತ್ತೆ, ಕಣ್ಣು ತೆರೆದಿರುತ್ತೆ, ಆದರೆ ಮಿದುಳಿನ ಅಲ್ಲಲ್ಲಿ ಕೆಲವು ಕೋಶಗಳು ಮಾತ್ರ ಕರೆಂಟ್ ಹೋದ ಹಾಗೆ ಆಫ್ ಆಗಿಬಿಡುತ್ತವೆ. ಇಡೀ ಊರಿಗೆ ಲೈಟ್ ಇದೆ, ಒಂದು ಓಣಿಗೆ ಮಾತ್ರ ಇಲ್ಲ. ಆ ಓಣಿ ಬ್ರೇಕ್ ಒತ್ತಿಸೋ ಓಣಿ ಆಗಿದ್ದರೆ?

ಗಂಟೆಗೆ 80 ಕಿ.ಮೀ. ವೇಗದಲ್ಲಿರೋ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತೆ. ಮೂರು ಸೆಕೆಂಡ್ ಅಂದರೆ 66 ಮೀಟರ್. ಅಷ್ಟು ದೂರದಲ್ಲಿ ಲೈಟಿಲ್ಲದ ಲಾರಿ ನಿಂತಿದ್ದರೆ ಬ್ರೇಕಿನ ಗುರುತು ಕೂಡ ರಸ್ತೆ ಮೇಲೆ ಬೀಳಲ್ಲ.

ಈಗ ಕಾನೂನಿನ ಕಡೆ ನೋಡಿ. ಮೋಟಾರು ವಾಹನ ಕಾಯ್ದೆ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯ ಇದ್ದರೆ ಕೇಸು. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಲೆಕ್ಕ ಹಾಕಿದಂತೆ, ಸತತ 17 ತಾಸು ಎಚ್ಚರ ಇದ್ದವನ ಕೈ-ಕಣ್ಣಿನ ಹೊಂದಾಣಿಕೆ 50 ಮಿ.ಗ್ರಾಂ. ಮದ್ಯ ಇದ್ದವನಷ್ಟೇ ಕೆಟ್ಟಿರುತ್ತೆ. 24 ತಾಸಾದರೆ 100 ಮಿ.ಗ್ರಾಂ.ನಷ್ಟು. ಬೆಳಿಗ್ಗೆ 6ಕ್ಕೆ ಎದ್ದು ದಿನವೆಲ್ಲ ಲೋಡ್ ಮಾಡಿಸಿ ರಾತ್ರಿ 11ಕ್ಕೆ ಸ್ಟೀರಿಂಗ್ ಹಿಡಿದವನಿಗೆ ಆಗಲೇ 17 ತಾಸು. ಹೊರಡೋ ಮುಂಚೆಯೇ ಅವನು, ಒಂದು ಹನಿಯೂ ಕುಡಿಯದೆ, ಕುಡಿದವನ ಲೆಕ್ಕಕ್ಕೆ ಬಂದ. ಆದರೆ ನಾಕಾಬಂದಿಯಲ್ಲಿ ಊದಿಸೋ ಮಷಿನ್‌ಗೆ ನಿದ್ದೆ ಗೊತ್ತಾಗಲ್ಲ.

ಹೋಗಲಿ, ಅವನಿಗಾದರೂ ಗೊತ್ತಾಗುತ್ತಾ? ಅದೂ ಇಲ್ಲ. 2003ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಎರಡು ವಾರ ದಿನಕ್ಕೆ 6 ತಾಸು ಮಾತ್ರ ಮಲಗಿದವರ ಗಮನ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಕೇಳಿದರೆ ಮಾತ್ರ, ಸ್ವಲ್ಪ ನಿದ್ದೆ ಬಂದಂಗೆ ಇದೆ ಅಷ್ಟೇ ಅನ್ನೋ ಉತ್ತರ. "ನಂಗೆ ಅಭ್ಯಾಸ ಆಗೇತಿ" ಅನ್ನೋ ಮಾತನ್ನ ಈ ಲೆಕ್ಕದಲ್ಲಿ ಓದಬೇಕು. ಅಭ್ಯಾಸ ಆಗೋದು ನಿದ್ದೆ ಬರ್ತಿದೆ ಅನ್ನೋ ಅರಿವು ಇಲ್ಲದಿರೋದಕ್ಕೆ. ಗಮನ ಅಭ್ಯಾಸ ಆಗಲ್ಲ.

ಇದು ಡ್ರೈವರ್‌ಗಳ ಕಥೆ ಮಾತ್ರ ಅಂತ ಅಂಗಡಿಯವರು ಪಕ್ಕಕ್ಕಿಡೋ ಹಾಗಿಲ್ಲ. ರಾತ್ರಿ 11ಕ್ಕೆ ಶಟರ್ ಎಳೆದು ನಸುಕಿನಲ್ಲಿ ಬೈಕ್ ಮೇಲೆ ತರಕಾರಿ ಹರಾಜಿಗೆ ಓಡೋರು ಇದೇ ಸಾಲಿನವರು. ತ್ರೀಫೇಸ್ ಪಾಳಿ ರಾತ್ರಿಗೆ ಬಿತ್ತು ಅಂತ ಹೊಲದಲ್ಲಿ ಮೋಟರ್ ಕಾಯ್ದು, ಬೆಳಿಗ್ಗೆ ಅದೇ ಕಣ್ಣಲ್ಲಿ ಟ್ರ್ಯಾಕ್ಟರ್ ಏರೋ ರೈತ ಕೂಡ. ಸ್ಟಾರ್ಟರ್ ಡಬ್ಬಿಗೆ ಕೈ ಹಾಕೋವಾಗಲೂ ಬೇಕಾಗೋದು ಅದೇ ಅರ್ಧ ಸೆಕೆಂಡಿನ ಎಚ್ಚರ.

ಅಪಘಾತ ಆದ ಮೇಲೆ ನಡೆಯೋದು ಎಲ್ಲರಿಗೂ ಗೊತ್ತಿರೋ ಸಂಗತಿ. ಅತಿವೇಗ, ನಿರ್ಲಕ್ಷ್ಯ ಅಂತ ಚಾಲಕನ ಮೇಲೆ ಎಫ್‌ಐಆರ್. ಮೊದಲು ಐಪಿಸಿ 279, 304ಎ ಇತ್ತು, 2024ರ ಜುಲೈ 1ರಿಂದ ಬಿಎನ್‌ಎಸ್ 281, 106. ಸೆಕ್ಷನ್ ನಂಬರ್ ಬದಲಾಯ್ತು, ಕೇಳೋ ಪ್ರಶ್ನೆ ಬದಲಾಗಲಿಲ್ಲ. ಆ ಮನುಷ್ಯ ಎಷ್ಟು ತಾಸಿನಿಂದ ಎಚ್ಚರ ಇದ್ದ, ಹಿಂದಿನ ರಾತ್ರಿ ಎಲ್ಲಿ ಮಲಗಿದ್ದ, ಇಷ್ಟು ಹೊತ್ತಿಗೆ ಮುಟ್ಟಲೇಬೇಕು ಅಂತ ಹೇಳಿದ್ದು ಯಾರು ಅನ್ನೋದು ತನಿಖೆಯಲ್ಲಿ ಮುಖ್ಯ ಆಗೋದು ಅಪರೂಪ. ಚಾಲಕನೂ ತೀರಿಕೊಂಡಿದ್ದರಂತೂ ಅಲ್ಲಿಗೆ ಮುಗೀತು.

ನಿಯಮ ಇಲ್ಲ ಅಂತಲ್ಲ. ಚಾಲಕರಿಗೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು, 5 ತಾಸಿಗೊಮ್ಮೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಆದರೆ ಆ ಕಾಯ್ದೆ ಬರೆದದ್ದು ಐದು ಅಥವಾ ಹೆಚ್ಚು ಕೆಲಸಗಾರರಿರೋ ಸಂಸ್ಥೆಗೆ. ಸಾಲ ಮಾಡಿ ಒಂದೇ ಗಾಡಿ ತಗೊಂಡು, ತಾನೇ ಮಾಲೀಕ, ತಾನೇ ಡ್ರೈವರ್ ಆಗಿರೋನ ತಾಸು ಎಣಿಸೋರು ಯಾರು? ಬಾಡಿಗೆಗೆ ಗಾಡಿ ಕಟ್ಟೋ ನಾವೂ ನೀವೂ ರೇಟ್ ಕೇಳ್ತೀವಿ, ಎಸಿ ಇದೆಯಾ ಅಂತ ಕೇಳ್ತೀವಿ. ಯಾತ್ರೆಯ ಎರಡನೇ ರಾತ್ರಿಗೆ ಇನ್ನೊಬ್ಬ ಡ್ರೈವರ್ ಇದ್ದಾನಾ ಅಂತ ಕೇಳೋರು ಕಡಿಮೆ, ಯಾಕಂದ್ರೆ ಅದಕ್ಕೆ ದುಡ್ಡು ಹೆಚ್ಚು.

ಕಿಟಕಿ ಇಳಿಸೋದು, ಹಾಡು ಜೋರು ಮಾಡೋದು ಹೆಚ್ಚು ಹೊತ್ತು ನಡೆಯಲ್ಲ ಅಂತ ಬ್ರಿಟನ್ನಿನ ಸಂಶೋಧಕರು ಪರೀಕ್ಷೆ ಮಾಡಿಯೇ ತೋರಿಸಿದ್ದಾರೆ. ಕೆಲಸಕ್ಕೆ ಬಂದದ್ದು ಕಾಫಿ ಮತ್ತು ಹದಿನೈದು ನಿಮಿಷದ ಸಣ್ಣ ನಿದ್ದೆ. ಕಾಫಿ ಏರೋಕೆ ಹೆಚ್ಚೂಕಮ್ಮಿ ಅರ್ಧ ತಾಸು ಬೇಕು, ಹಾಗಾಗಿ ಕುಡಿದ ಕೂಡಲೇ ಮಲಗಿ ಎದ್ದರೆ ಎರಡೂ ಒಟ್ಟಿಗೆ ಸಿಗುತ್ತೆ. ಅದೂ ಒಂದೆರಡು ತಾಸಿನ ಮಾತು, ಇಡೀ ರಾತ್ರಿಗಲ್ಲ.

ಮಲಗೋದಾದರೂ ಎಲ್ಲಿ ಅನ್ನೋದು ಇಲ್ಲಿಯ ಕಷ್ಟ. ನಿದ್ದೆ ಬಂತು ಅಂತ ಬುದ್ಧಿವಂತಿಕೆಯಿಂದ ಗಾಡಿ ನಿಲ್ಲಿಸಿದವನು ರಸ್ತೆ ಅಂಚಲ್ಲೇ ನಿಲ್ಲಿಸಿದರೆ, ಹಿಂದೆ ಬರೋ ಇನ್ನೊಬ್ಬ ನಿದ್ದೆಗಣ್ಣಿನವನಿಗೆ ಅದೇ ಗೋಡೆ. ಬ್ಯಾಡಗಿ ಮೆಣಸಿನಕಾಯಿ ಸೀಜನ್ನಿನಲ್ಲಿ ಟೆಂಡರ್ ದಿನದ ಹಿಂದಿನ ರಾತ್ರಿ ಬಳ್ಳಾರಿ, ಆಂಧ್ರದ ಕಡೆಯಿಂದ ಲೋಡ್ ಗಾಡಿಗಳು ಬರುತ್ತವೆ. ರಾಣೆಬೆನ್ನೂರಿನಿಂದ ಶಿಗ್ಗಾವಿವರೆಗಿನ ಹೆದ್ದಾರಿಯಲ್ಲಿ ಲಾರಿಯನ್ನ ರಸ್ತೆಯಿಂದ ಪೂರ್ತಿ ಒಳಗೆ ತಗೊಂಡು ಎರಡು ತಾಸು ಮಲಗೋಕೆ ಲೈಟು, ನೀರು, ಶೌಚಾಲಯ ಇರೋ ಜಾಗ ಎಷ್ಟಿವೆ ಅಂತ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಮುಂದಿನ ಸಭೆಯಲ್ಲಿ ಹೆದ್ದಾರಿ ಪ್ರಾಧಿಕಾರವನ್ನ ಕೇಳಬಹುದು. ಎಪಿಎಂಸಿ ಕೂಡ ಸಭೆಯಲ್ಲಿ ಕೂತರೆ ಒಳ್ಳೇದು, ಗಾಡಿ ಬರೋದು ಅದರ ಅಂಗಳಕ್ಕೇ.