ಬೆನ್ನಿನ ಸೂಜಿಗೆ ಅಂಜಬೇಕೆ?

ಮಿದುಳಿನ ಪೊರೆಗೆ ಬರುವ ಉರಿಯೂತವೇ ಮೆನಿಂಜೈಟಿಸ್. ಜ್ವರ, ಸಹಿಸಲಾಗದ ತಲೆನೋವು, ವಾಂತಿ, ಗದ್ದವನ್ನು ಎದೆಗೆ ತಾಗಿಸಲಾಗದಂತೆ ಬಿಗಿದ ಕತ್ತು, ಮಂಕಾದ ಅರಿವು ಇದರ ಕುರುಹುಗಳು. ಹಸುಗೂಸುಗಳಲ್ಲಿ ಕತ್ತು ಬಿಗಿಯದೆಯೂ ಇರಬಹುದು. ಹಾಲು ಕುಡಿಯದಿರುವುದು, ನಿಲ್ಲದ ಅಳು, ಉಬ್ಬಿದ ನೆತ್ತಿಯನ್ನು ತಾಯಂದಿರು ಗಮನಿಸಬೇಕು.

ಕುರುಹು ಒಂದೇ ಆದರೂ ಕಾರಣ ಹಲವು. ಬ್ಯಾಕ್ಟೀರಿಯಾದಿಂದ ಬಂದದ್ದು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ವೈರಸ್ಸಿನದು ಬಹುಪಾಲು ತಾನಾಗಿಯೇ ಇಳಿಯುತ್ತದೆ. ಕ್ಷಯದ್ದು ಮಾತ್ರ ಕಳ್ಳಹೆಜ್ಜೆಯದು. ವಾರಗಟ್ಟಲೆ ಸಣ್ಣ ಜ್ವರ, ತಲೆನೋವು, ಊಟ ಸೇರದಿರುವುದು. ಮನೆಯವರು ದೃಷ್ಟಿ ತೆಗೆದು, ಅಂಗಡಿಯ ಮಾತ್ರೆ ನುಂಗಿಸಿ ಕಾಲ ಕಳೆಯುವಷ್ಟರಲ್ಲಿ ರೋಗಿ ಎಚ್ಚರ ತಪ್ಪಿರುತ್ತಾನೆ.

ಇವನ್ನು ಬೇರ್ಪಡಿಸಿ ತೋರಿಸುವುದು ಬೆನ್ನಿನ ನೀರಿನ ಪರೀಕ್ಷೆ. ‘ಬೆನ್ನಿಗೆ ಚುಚ್ಚಿದರೆ ಕಾಲು ಸ್ವಾಧೀನ ತಪ್ಪುತ್ತದೆ’ ಎಂಬ ಮಾತಿಗೆ ಕಿವಿಗೊಟ್ಟು ಒಪ್ಪಿಗೆ ಕೊಡದ ಬಂಧುಗಳೇ ಹೆಚ್ಚು ಅಪಾಯಕಾರಿ ಎಂದು ಕಟುವಾಗಿಯೇ ಹೇಳಬೇಕಾಗಿದೆ. ಬೆನ್ನುಹುರಿಯು ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕೂ ಕೆಳಗೆ. ತಲೆಯೊಳಗಿನ ಒತ್ತಡದ ಶಂಕೆಯಿದ್ದರೆ ವೈದ್ಯರೇ ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ಆದರೆ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಅದಕ್ಕಾಗಿ ಕಾಯಲಾಗದು.

ಕ್ಷಯದ ಔಷಧಿಯನ್ನು ಸುಮಾರು ಒಂದು ವರ್ಷ ಸೇವಿಸಬೇಕು. ಎರಡು ತಿಂಗಳಲ್ಲಿ ಗುಣವೆನಿಸಿದರೂ ಬಿಡುವಂತಿಲ್ಲ. ಇನ್ನು ಮಕ್ಕಳ ಮಾತು: ಹುಟ್ಟಿದೊಡನೆ ಬಿಸಿಜಿ, 6ನೇ ವಾರದಿಂದ ಪೆಂಟಾವಲೆಂಟ್ ಹಾಗೂ ನ್ಯೂಮೋಕಾಕಲ್ ಲಸಿಕೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿಯೇ ದೊರೆಯುತ್ತವೆ. ಇವು ಎಲ್ಲ ಬಗೆಗೂ ರಕ್ಷೆಯಲ್ಲ. ಆದರೂ ಕೂಸುಗಳನ್ನು ಕಾಡುವ ತೀವ್ರ ಬಗೆಗಳಲ್ಲಿ ಹಲವನ್ನು ತಡೆಯುತ್ತವೆ.